ಮಾತಿಗಿಂತ ಮುಂದೆ ನಡೆವ ಕಿವಿ

ನಂದಿದುರ್ಗದ ತಪ್ಪಲಿನ ಚಿಕ್ಕಬಳ್ಳಾಪುರ, ಅದರ ವಾಯವ್ಯಕ್ಕೆ ಉತ್ತರಪಿನಾಕಿನಿಯ ದಡದ ಗೌರಿಬಿದನೂರು, ಮೂಡಣಕ್ಕೆ ಶಿಡ್ಲಘಟ್ಟ, ಅದರಿಂದಾಚೆಗೆ ಚಿಂತಾಮಣಿ, ಹೀಗೆ 2007ರವರೆಗೆ ಕೋಲಾರ ಜಿಲ್ಲೆಯ ಅಂಗಗಳಾಗಿದ್ದ ಈ ನಾಲ್ಕು ಸೀಮೆಗಳ ಪೂರ್ವವೃತ್ತಾಂತವನ್ನು ಬರೆಯಹೊರಟವರು ಸಾಮಾನ್ಯವಾಗಿ ಬಾಣ, ನೊಳಂಬ, ಗಂಗ, ಚೋಳರೆಂದು ರಾಜವಂಶಗಳ ಅನುಕ್ರಮವನ್ನು ಹೇಳಿ, ಆವತಿಯ ನಾಡಪ್ರಭುಗಳ ಸಂತತಿಯ ಪಾಳೆಯಗಾರರನ್ನು ಸ್ಮರಿಸಿ, ಕೆರೆಗಳನ್ನೂ ಕೋಟೆಗಳನ್ನೂ ವರ್ಣಿಸಿ ತೃಪ್ತರಾಗುವುದುಂಟು. ಅದೆಲ್ಲವೂ ಆವಶ್ಯಕವೇ. ಆದರೆ ಕಲ್ಲಿನ ಮೇಲೆ ಕೆತ್ತಿಸಿದವರಿಗೂ, ಓಲೆಯ ಮೇಲೆ ಬರೆಸಿದವರಿಗೂ, ಗುಡಿಯ ಮುಂದಣ ಬಯಲಿನಲ್ಲಿ ನಿಂತು ಹಾಡಿದವರಿಗೂ ಚರಿತ್ರೆಯಿರುವಂತೆಯೇ, ಅವರ ಎದುರಿಗೆ ಇರುಳೆಲ್ಲ ಎಚ್ಚತ್ತು ಕುಳಿತು ಕೇಳಿದವರಿಗೂ ಒಂದು ಚರಿತ್ರೆಯಿದೆ. ಮತ್ತು ಈ ಸೀಮೆಯ ಮಟ್ಟಿಗೆ ಆ ಚರಿತ್ರೆ ಅತ್ಯಂತ ಸಮೃದ್ಧವಾದುದೆಂದು ನನ್ನ ದೃಢವಾದ ಅಭಿಪ್ರಾಯ. ಇಲ್ಲಿಯ ಕಥೆ, ಶತಕ, ಭಜನೆ, ಬಯಲಾಟಗಳೆಲ್ಲವೂ ಕೇಳುವವನ ಮನಸ್ಸು ಹೇಳುವವನ ನಾಲಗೆಗಿಂತ ಸದಾ ಒಂದು ಹೆಜ್ಜೆ ಮುಂದಿರುವುದೆಂಬ ನಂಬಿಕೆಯ ಮೇಲೆ ಕಟ್ಟಲ್ಪಟ್ಟಿವೆ. ಮುಂದೆ ಬರಲಿರುವ ಪದವನ್ನು ಮಿದುಳು ಹೇಗೆ ಊಹಿಸುತ್ತದೆಂಬುದನ್ನು ಕಳೆದ ಕೆಲವು ದಶಕಗಳಿಂದ ವಿಜ್ಞಾನಿಗಳು ಯಂತ್ರಗಳನ್ನಿಟ್ಟು ಅಳೆಯುತ್ತಿದ್ದಾರೆ. ಅದಕ್ಕೆ ಬಹು ಪೂರ್ವದಲ್ಲಿಯೇ ನಮ್ಮ ಹಳ್ಳಿಗಳ ಕಲಾವಿದರು ಆ ಊಹೆಯನ್ನು ಬಳಸಿಕೊಂಡು, ಅದನ್ನು ತಣಿಸಿಯೂ ಕೆಣಕಿಯೂ ತಮ್ಮ ಕಸುಬನ್ನು ನಡೆಸಿಕೊಂಡು ಬಂದಿದ್ದರು.

ಮೊದಲು ಕಥೆಯನ್ನೇ ತೆಗೆದುಕೊಳ್ಳೋಣ. ಕಥೆ ಹೇಳುವ ಅಜ್ಜಿಗೆ ಎದುರಿನಲ್ಲಿ ಹೂಂಗುಟ್ಟುವವರೊಬ್ಬರು ಇರಲೇಬೇಕು. ತೆಲುಗು ಮನೆಮಾತಿನವರಲ್ಲಿಯೂ ಊ ಕೊಟ್ಟುವ ಪದ್ಧತಿ ಇದೇ. ಹೂಂಕಾರ ನಿಂತರೆ ಕಥೆಯೂ ನಿಂತಿತು. ಮಕ್ಕಳು ನಿದ್ದೆಹೋದರೆಂದೇ ಅರ್ಥ. ಕನ್ನಡದ ಕಥನದಲ್ಲಿ ವಾಕ್ಯಗಳು ಒಂದರ ಬಾಲವನ್ನೊಂದು ಹಿಡಿದು ಸಾಗುವುವು. ರಾಜಕುಮಾರ ಕಾಡಿಗೆ ಹೋದ, ಹೋಗಿ ಒಂದು ಕೊಳ ಕಂಡ, ಕಂಡು ಕುದುರೆಯಿಂದಿಳಿದ, ಇಳಿದು ನೋಡುತ್ತಾನೆ. ಈ ಸರಣಿಯ ಪ್ರತಿಯೊಂದು ಕೊಂಡಿಯಲ್ಲಿಯೂ ಐದು ವರ್ಷದ ಕೂಸು ತಪ್ಪದೆ, ತಡವಿಲ್ಲದೆ, ಅಜ್ಜಿಯ ಉಸಿರು ಮುಗಿಯುವ ಗಳಿಗೆಯಲ್ಲಿಯೇ ತನ್ನ ಹೂಂಕಾರವನ್ನು ಇಡುತ್ತದೆ. ಮಾತು ಮುಗಿಯಿತೆಂದು ಕೇಳಿ ತಿಳಿದು, ಆಮೇಲೆ ಬಾಯಿ ತೆರೆಯುವುದಾಗಿದ್ದರೆ ಇಷ್ಟು ಹೊಂದಿಕೆ ಸಾಧ್ಯವಾಗುತ್ತಿರಲಿಲ್ಲ. 2009ರಲ್ಲಿ ಡೇನಿಷ್, ಜಪಾನಿ, ಲಾವೋ, ಕೊರಿಯನ್ ಮೊದಲಾದ ಹತ್ತು ಭಾಷೆಗಳ ಸಂಭಾಷಣೆಗಳನ್ನು ತನ್ಯಾ ಸ್ಟೈವರ್ಸ್ ಮತ್ತು ಸಂಗಡಿಗರು ಅಳೆದು ನೋಡಿದಾಗ, ಪ್ರಶ್ನೆ ಮುಗಿದುದಕ್ಕೂ ಉತ್ತರ ಹೊರಟುದಕ್ಕೂ ನಡುವಿನ ಅಂತರ ಸರಾಸರಿ ಸುಮಾರು 200 ಮಿಲಿಸೆಕೆಂಡುಗಳೆಂದು ಕಂಡುಬಂದಿತು. ಆದರೆ ಒಂದು ಚಿತ್ರವನ್ನು ನೋಡಿ ಅದರ ಹೆಸರನ್ನು ಉಚ್ಚರಿಸಲು ಮಾತ್ರವೇ ಮನುಷ್ಯನಿಗೆ ಸುಮಾರು 600 ಮಿಲಿಸೆಕೆಂಡುಗಳು ಬೇಕು. ಎಂದ ಮೇಲೆ ಎದುರಿನವನ ಮಾತು ಎಲ್ಲಿ ಮುಗಿಯುವುದೆಂಬುದನ್ನು ಕೇಳುಗನು ಮುಂಚಿತವಾಗಿಯೇ ಬಗೆದು, ಅದಕ್ಕೆ ಸರಿಯಾಗಿ ತನ್ನ ಮಾತನ್ನು ಹೂಡಿಕೊಂಡಿರುತ್ತಾನೆಂದು ಒಪ್ಪದೆ ಗತ್ಯಂತರವಿಲ್ಲ. ಹೂಂಗುಟ್ಟುವ ಮಗು ಕಥೆಯನ್ನು ಕಲಿಯುವುದರ ಜೊತೆಗೆ ಈ ಹೂಡಿಕೆಯನ್ನೂ ಕಲಿಯುತ್ತಿತ್ತು.

ನಮ್ಮ ಶಾಸ್ತ್ರಕಾರರು ಈ ತತ್ತ್ವವನ್ನು ಬೇರೊಂದು ದಾರಿಯಿಂದ ಮುಟ್ಟಿದ್ದರು. ಪದಗಳ ರಾಶಿಯೊಂದು ವಾಕ್ಯವಾಗಬೇಕಾದರೆ ಅದರಲ್ಲಿ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿಗಳೆಂಬ ಮೂರಿರಬೇಕೆಂದು ಮೀಮಾಂಸಕರೂ ನೈಯಾಯಿಕರೂ ಹೇಳುವರು. ಒಂದು ಪದ ಉಚ್ಚರಿತವಾದೊಡನೆ ತನ್ನ ಅರ್ಥವನ್ನು ಪೂರ್ಣಗೊಳಿಸಬಲ್ಲ ಮತ್ತೊಂದು ಪದವನ್ನು ಅಪೇಕ್ಷಿಸುವುದೇ ಆಕಾಂಕ್ಷೆ. ಹಸು, ಕುದುರೆ, ಮನುಷ್ಯ, ಆನೆ ಎಂದು ಬರಿಯ ಹೆಸರುಗಳನ್ನು ಪೇರಿಸಿದರೆ ಒಂದಕ್ಕೆ ಮತ್ತೊಂದರ ಅಪೇಕ್ಷೆಯಿಲ್ಲದುದರಿಂದ ವಾಕ್ಯಾರ್ಥ ಹುಟ್ಟದು. ಅಪೇಕ್ಷಿತವಾದ ಪದ ಬಂದರೂ ಅದರ ಅರ್ಥ ಹಿಂದಣ ಅರ್ಥದೊಡನೆ ಕೂಡುವಂತಿರಬೇಕು, ಇದು ಯೋಗ್ಯತೆ. ಬೆಂಕಿಯಿಂದ ಗಿಡವನ್ನು ನೆನೆಸಿದನೆಂದರೆ ವ್ಯಾಕರಣ ಸಮ್ಮತಿಸಿದರೂ ಮನಸ್ಸು ಸಮ್ಮತಿಸದೆಂಬುದಕ್ಕೆ ಅನ್ನಂಭಟ್ಟನ ತರ್ಕಸಂಗ್ರಹದಲ್ಲಿ ಇಂತಹುದೇ ನಿದರ್ಶನವಿದೆ. ಪದಗಳು ಪ್ರಹರಕ್ಕೊಂದರಂತೆ ಬರದೆ ಒಂದರ ಬೆನ್ನಿಗೊಂದು ಬರಬೇಕೆಂಬುದು ಸನ್ನಿಧಿ.

1980ರಲ್ಲಿ ಅಮೆರಿಕದ ಮಾರ್ಟಾ ಕೂಟಾಸ್, ಸ್ಟೀವನ್ ಹಿಲ್ಯಾರ್ಡ್ ಎಂಬಿಬ್ಬರು ನೆತ್ತಿಯ ಮೇಲೆ ವಿದ್ಯುದ್ವಾಹಕಗಳನ್ನಿರಿಸಿಕೊಂಡ ಓದುಗರ ಮುಂದೆ ವಾಕ್ಯಗಳನ್ನು ಪದಪದವಾಗಿ ತೋರಿಸುತ್ತ, ಬೆಚ್ಚನೆಯ ರೊಟ್ಟಿಗೆ ಕಾಲುಚೀಲವನ್ನು ಸವರಿದನೆಂಬಂತಹ ಅಯೋಗ್ಯವಾದ ಪದವನ್ನು ಕೊನೆಯಲ್ಲಿ ಇಟ್ಟಾಗ, ಆ ಪದ ಕಣ್ಣಿಗೆ ಬಿದ್ದ ಸುಮಾರು 400 ಮಿಲಿಸೆಕೆಂಡುಗಳಿಗೆ ಮಿದುಳಿನಲ್ಲಿ ಒಂದು ಋಣವಿದ್ಯುತ್ತರಂಗ ಎದ್ದುದನ್ನು ಕಂಡರು. ಎನ್400 ಎಂದು ಅದಕ್ಕೆ ಹೆಸರಾಯಿತು. ನಾಲ್ಕು ವರ್ಷಗಳ ಅನಂತರ ಅದೇ ಇಬ್ಬರು ಇನ್ನೊಂದು ಹೆಜ್ಜೆ ಮುಂದುವರಿದು, ಅಸಂಬದ್ಧವಾದ ಪದಕ್ಕೆ ಮಾತ್ರವಲ್ಲದೆ ಸುಸಂಬದ್ಧವಾದರೂ ಅನಿರೀಕ್ಷಿತವಾದ ಪದಕ್ಕೂ ಈ ತರಂಗ ಏಳುವುದೆಂದೂ, ನಿರೀಕ್ಷೆ ಎಷ್ಟು ಬಲವಾಗಿತ್ತೋ ತರಂಗ ಅಷ್ಟು ಸಣ್ಣದಾಗುವುದೆಂದೂ ತೋರಿಸಿದರು. ನಿರೀಕ್ಷೆಯ ಬಲವನ್ನು ಅಳೆಯುವ ಕ್ರಮವನ್ನು 1953ರಲ್ಲಿಯೇ ವಿಲ್ಸನ್ ಟೇಲರ್ ಎಂಬಾತನು ಹಾಕಿಕೊಟ್ಟಿದ್ದನು: ವಾಕ್ಯದಲ್ಲಿ ಒಂದು ಪದವನ್ನು ಬಿಟ್ಟು, ಆ ತೆರಪನ್ನು ಹಲವರಿಂದ ತುಂಬಿಸಿ, ಎಷ್ಟು ಮಂದಿ ಒಂದೇ ಪದವನ್ನು ಹೇಳಿದರೆಂದು ಎಣಿಸುವುದು. ಆಕಾಂಕ್ಷೆಯನ್ನೂ ಯೋಗ್ಯತೆಯನ್ನೂ ತರ್ಕದಿಂದ ಬೇರ್ಪಡಿಸಿದವರ ಸೂಕ್ಷ್ಮತೆ ಎಷ್ಟು ದೂರ ಹೋಗಿತ್ತೆಂಬುದು ಈ ಪ್ರಯೋಗಗಳನ್ನು ತಿಳಿದಾಗ ಹೊಸದಾಗಿ ಮನಸ್ಸಿಗೆ ಹತ್ತುತ್ತದೆ.

ಕನ್ನಡ, ತೆಲುಗುಗಳಲ್ಲಿ ಕ್ರಿಯಾಪದ ಕೊನೆಗೆ ಬರುವುದು. ಕೊನೆಯವರೆಗೆ ಕಾದರಲ್ಲದೆ ಅರ್ಥ ಕೈಗೆ ಹತ್ತದೆಂದು ಪರಕೀಯರು ಭಾವಿಸುವುದುಂಟಾದರೂ, ವಿಭಕ್ತಿಪ್ರತ್ಯಯಗಳು ಆ ಕೆಲಸವನ್ನು ಮುಂಚಿತವಾಗಿಯೇ ಮಾಡಿಬಿಡುತ್ತವೆ. ಅತ್ತೆ ಸೊಸೆಗೆ ಎಂದೊಡನೆ ಚತುರ್ಥಿಯು ಕೊಡುವ ವಸ್ತುವೊಂದನ್ನೋ ಹೇಳುವ ಮಾತೊಂದನ್ನೋ ಬಯಸುತ್ತದೆ. ಕಡಗವನ್ನು ಎಂದ ಮೇಲಂತೂ ಉಳಿದುದು ಕೆಲವೇ ಕ್ರಿಯೆಗಳು. ನಮ್ಮಂತೆಯೇ ಕ್ರಿಯೆಯನ್ನು ಕೊನೆಗಿಡುವ ಜಪಾನಿ ಭಾಷೆಯಲ್ಲಿ 2003ರಲ್ಲಿ ಯುಕಿ ಕಮಿಡೆ ಮೊದಲಾದವರು ಕೇಳುಗರ ದೃಷ್ಟಿಯ ಚಲನವನ್ನು ಹಿಂಬಾಲಿಸಿದಾಗ, ಪರಿಚಾರಿಕೆಯು ಗಿರಾಕಿಗೆ ಎಂಬಷ್ಟು ಕೇಳಿದ ಮಾತ್ರಕ್ಕೆ ಅವರ ಕಣ್ಣುಗಳು ಚಿತ್ರದಲ್ಲಿದ್ದ ತಿಂಡಿಯ ಕಡೆಗೆ ತಿರುಗಿದುದು ಕಂಡುಬಂದಿತು.

ಇನ್ನು ಈ ಸೀಮೆಯ ಶತಕಗಳ ವಿಚಾರ. ಗೌರಿಬಿದನೂರಿನ ಉತ್ತರಕ್ಕೆ ಗಡಿಯಾಚೆ ಹಿಂದೂಪುರ, ಅದಕ್ಕೂ ಈಶಾನ್ಯಕ್ಕೆ ಕದಿರಿ. ಕದಿರಿಯ ಬಳಿಯ ಕಟಾರುಪಲ್ಲಿಯಲ್ಲಿ ತೆಲುಗು ಕವಿ ವೇಮನನ ಸಮಾಧಿಯಿದೆ. ಕಂಪನಿ ಸರ್ಕಾರದ ಅಧಿಕಾರಿಯಾಗಿದ್ದ ಸಿ. ಪಿ. ಬ್ರೌನ್ 1829ರಲ್ಲಿ ಆತನ ಪದ್ಯಗಳನ್ನು ಅಚ್ಚುಮಾಡಿಸುವುದಕ್ಕೆ ಎಷ್ಟೋ ಮುಂಚೆಯೇ ಅವು ಗಡಿಯ ಈಚೆಗೆ ನಡೆದುಬಂದು, ಕನ್ನಡವನ್ನಾಡುವ ಒಕ್ಕಲಿಗನ ಬಾಯಲ್ಲಿಯೂ ಗಾದೆಗಳಂತೆ ನೆಲೆಸಿದ್ದವು. ಆಟವೆಲದಿಯೆಂಬ ದೇಸಿ ಛಂದಸ್ಸಿನ ಈ ಪದ್ಯಗಳ ನಿರ್ಮಾಣವನ್ನು ಗಮನಿಸಬೇಕು. ನಾಲ್ಕು ಸಾಲುಗಳಲ್ಲಿ ಕಡೆಯದು ಕವಿಯ ಹೆಸರನ್ನುಳ್ಳ ಮಕುಟ. ಅದು ಬಹುತೇಕ ಎಲ್ಲ ಪದ್ಯಗಳಿಗೂ ಒಂದೇ. ಉಳಿದ ಸಾಲುಗಳಲ್ಲಿ ಯತಿಯ ನಿಯಮದಂತೆ ಸಾಲಿನ ಮೊದಲಕ್ಷರಕ್ಕೆ ಮಿತ್ರವಾದ ಅಕ್ಷರವೊಂದು ನಡುವಿನ ನಿಯತಸ್ಥಾನದಲ್ಲಿ ಮರಳಿ ಬರಬೇಕು. ಹೀಗಾಗಿ ಮೊದಲಕ್ಷರ ಕಿವಿಗೆ ಬಿದ್ದೊಡನೆಯೇ ಮುಂದಣ ಪದ ಯಾವ ಧ್ವನಿಯಿಂದ ಆರಂಭವಾಗುವುದೆಂಬುದು ಕೇಳುಗನಿಗೆ ಅರ್ಧ ತಿಳಿದಂತಾಯಿತು. ಮೂರನೆಯ ಸಾಲು ಮುಗಿಯುವಾಗ ನಾಲ್ಕನೆಯದು ಸಭೆಯ ಬಾಯಲ್ಲಿ ಆಗಲೇ ಸಿದ್ಧವಾಗಿರುತ್ತದೆ. ಹೇಳುವವನು ಮೂರು ಸಾಲು ಹೇಳಿ ನಿಲ್ಲಿಸುವನು, ಸುತ್ತಣವರು ಒಕ್ಕೊರಲಿನಿಂದ ಮಕುಟವನ್ನು ಮುಗಿಸುವರು. ತಿಳಿದಿರುವ ಸಾಲನ್ನು ಹೇಳುವುದರಲ್ಲಿ ಶ್ರಮವಿಲ್ಲದುದರಿಂದ, ಅದನ್ನು ಹೇಳುತ್ತಿರುವಷ್ಟು ಹೊತ್ತು ಮನಸ್ಸಿಗೆ ಹಿಂದಣ ಮೂರು ಸಾಲಿನ ಅರ್ಥವನ್ನು ಮೆಲುಕು ಹಾಕುವುದಕ್ಕೆ ಬಿಡುವು ದೊರೆಯುತ್ತದೆಂದು ನಾನು ಭಾವಿಸುತ್ತೇನೆ.

ಚಿಂತಾಮಣಿ ತಾಲ್ಲೂಕಿನ ಕೈವಾರದ ಯೋಗಿ ನಾರೇಯಣ ತಾತಯ್ಯನವರು ಈ ಪರಂಪರೆಯ ಮೇರುವ್ಯಕ್ತಿ. ಭೀಮನು ಬಕಾಸುರನನ್ನು ಕೊಂದ ಏಕಚಕ್ರನಗರಿ ಇದೇ ಎಂದು ಸ್ಥಳಪುರಾಣ ಹೇಳುವ ಆ ಊರಿನಲ್ಲಿ ಬಲಿಜ ಕುಲದಲ್ಲಿ ಹುಟ್ಟಿ, ಬಳೆಯ ಮಲಾರವನ್ನು ಹೊತ್ತು ಹಳ್ಳಿ ಹಳ್ಳಿ ತಿರುಗಿ, ಅನಂತರ ವಿರಕ್ತರಾಗಿ ತಪಸ್ಸು ಮಾಡಿದರೆಂದು ಪ್ರಸಿದ್ಧಿ. ಸಂಪ್ರದಾಯದ ಪ್ರಕಾರ ಅವರ ಜೀವಿತಕಾಲ 1726ರಿಂದ 1836ರವರೆಗಿನ 110 ವರ್ಷಗಳು. ಊರದೇವರಾದ ಅಮರನಾರಾಯಣಸ್ವಾಮಿಯನ್ನೇ ಸಂಬೋಧಿಸುವ ಶತಕವನ್ನೂ, ಕಾಲಜ್ಞಾನವನ್ನೂ, ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಅನೇಕ ತತ್ತ್ವಪದಗಳನ್ನೂ ಅವರು ರಚಿಸಿದರು. ಬಳೆಗಾರನಾಗಿ ತಿರುಗಿದವರಿಗೆ ಯಾವ ಅಂಗಳದಲ್ಲಿ ಯಾವ ಭಾಷೆಯ ಕಿವಿ ಕಾದಿದೆಯೆಂಬುದು ತಿಳಿದಿರಲೇಬೇಕಷ್ಟೆ. ಈಗಲೂ ಗುರುಪೂರ್ಣಿಮೆಯ ಸಂಗೀತೋತ್ಸವಕ್ಕೆ ಸುತ್ತಣ ಭಜನೆಯ ಮೇಳಗಳು ಕೈವಾರಕ್ಕೆ ಬಂದು ಸೇರುತ್ತವೆ. ಮುಂದಾಳು ಸೊಲ್ಲೆತ್ತುತ್ತಾನೆ, ಮೇಳದವರು ಅದನ್ನು ತಿರುಗಿ ಹಾಡುತ್ತಾರೆ, ಅಂಕಿತ ಸಮೀಪಿಸುತ್ತಿದೆಯೆಂಬುದನ್ನು ತಾಳದ ಬಿರುಸಿನಿಂದಲೇ ಅರಿತು, ಆ ಪದವನ್ನೆಂದೂ ಕೇಳದವನು ಸಹ ಅಂಕಿತವನ್ನು ಮಾತ್ರ ಎಲ್ಲರೊಡನೆ ಕೂಡಿಯೇ ಹಾಡುತ್ತಾನೆ.

ಇದಕ್ಕೆ ಕನ್ನಡದ ಷಟ್ಪದಿಯನ್ನು ಹೋಲಿಸಿ ನೋಡಬಹುದು. ಕುಮಾರವ್ಯಾಸನ ಭಾಮಿನಿಯಲ್ಲಿ ಮೂರು ನಾಲ್ಕು ಮಾತ್ರೆಗಳ ಗಣಗಳು ಪರ್ಯಾಯವಾಗಿ ನಡೆದು, ಹದಿನಾಲ್ಕು ಮಾತ್ರೆಯ ಎರಡು ಸಾಲುಗಳಾದ ಮೇಲೆ ಇಪ್ಪತ್ತುಮೂರು ಮಾತ್ರೆಯ ನೀಳವಾದ ಸಾಲೊಂದು ಗುರುವಿನ ಮೇಲೆ ನಿಲ್ಲುವುದು. ಆರು ಸಾಲಿಗೂ ಎರಡನೆಯ ಅಕ್ಷರದಲ್ಲಿ ಪ್ರಾಸ ಒಂದೇ. ಗಮಕಿಯು ಸಾಲನ್ನು ಎತ್ತುವಾಗಲೇ ಎರಡನೆಯ ವ್ಯಂಜನ ನಿಶ್ಚಿತವಾಗಿರುವುದರಿಂದ, ಅಭ್ಯಾಸವುಳ್ಳ ಕೇಳುಗನಿಗೆ ಪ್ರತಿಯೊಂದು ಸಾಲಿನ ಬಾಗಿಲೂ ಮೊದಲೇ ತೆರೆದಿರುತ್ತದೆ. ಪಾಶ್ಚಾತ್ಯರ ಪ್ರಾಸ ಬಹುಮಟ್ಟಿಗೆ ಸಾಲಿನ ಕೊನೆಯನ್ನು ಸೂಚಿಸುವುದು. ನಮ್ಮ ಪ್ರಾಸ ಸಾಲಿನ ಆರಂಭವನ್ನು ಸೂಚಿಸುವುದು. ಕ್ರಿಯೆಯನ್ನು ಕೊನೆಗಿಟ್ಟು ಕೇಳುಗನನ್ನು ಕಾಯಿಸುವ ಭಾಷೆಯೊಂದು ಆರಂಭದಲ್ಲಿಯೇ ಅವನ ಕೈಹಿಡಿಯುವ ಪ್ರಾಸವನ್ನು ಬಳಸುತ್ತಿರುವುದು ನನಗೆ ಬಹಳ ಅರ್ಥವತ್ತಾಗಿ ಕಾಣುತ್ತದೆ.

ಕೇಳಿಕೆಯೆಂದು ಈ ಭಾಗದಲ್ಲಿ ಹೆಸರಾದ ಬಯಲಾಟದಲ್ಲಿ ಊಹೆಯ ಆಟ ಇನ್ನೂ ಪ್ರಕಟವಾಗಿದೆ. ತೆರೆಯ ಹಿಂದೆ ಪಾತ್ರ ನಿಂತಿರುವುದು. ಕಿರೀಟದ ತುದಿಯೋ ಗೆಜ್ಜೆಯ ಕಾಲೋ ಮಾತ್ರ ಕಾಣುವುದು. ತೆರೆ ಸರಿದ ಮೇಲೂ ಹೆಸರು ಹೊರಬೀಳದು. ಸಾರಥಿಯು ತಾವು ದಾರೆಂದು ವಿನಯದಿಂದ ಕೇಳುವನು. ಪಾತ್ರಧಾರಿಯು ತನ್ನ ವಂಶವನ್ನು ಹೇಳಿ, ಪಟ್ಟಣವನ್ನು ಹೇಳಿ, ಬಿರುದುಗಳನ್ನು ಒಂದೊಂದಾಗಿ ಏರಿಸಿ, ಸಾಕಷ್ಟು ಕಾಯಿಸಿದ ಮೇಲೆಯೇ ಹೆಸರನ್ನು ನುಡಿಯುವನು. ಎರಡನೆಯ ಬಿರುದಿಗೇ ಸಭೆಗೆ ಅವನು ದುರ್ಯೋಧನನೆಂದು ತಿಳಿದಿರುತ್ತದೆ. ತಿಳಿದೂ ಕಾಯುವುದರಲ್ಲಿ ಆನಂದವಿದೆ. ಹೆಸರು ಬಂದಾಗಿನ ಚಪ್ಪಾಳೆ ಪಾತ್ರಕ್ಕೆ ಸಲ್ಲುವಷ್ಟೇ ತಮ್ಮ ಊಹೆ ನಿಜವಾದುದಕ್ಕೂ ಸಲ್ಲುತ್ತದೆ. ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ನಡೆಯುವ ಈ ಆಟಗಳ ಸಭೆ ಎರಡು ನುಡಿಗಳ ನಿರೀಕ್ಷೆಯನ್ನು ಒಟ್ಟಿಗೆ ಹೊತ್ತು ಕೂತಿರುತ್ತದೆ. ಇದೇನೂ ಅಶಕ್ಯವಲ್ಲ. 2002ರಲ್ಲಿ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡನ್ನೂ ಬಲ್ಲವರನ್ನು ಪರೀಕ್ಷಿಸಿದ ಎವಾ ಮೊರೆನೊ ಮತ್ತು ಸಂಗಡಿಗರು, ವಾಕ್ಯದ ಕೊನೆಯಲ್ಲಿ ಭಾಷೆ ಬದಲಾದಾಗ ಮಿದುಳಿನಲ್ಲಿ ಕಾಣುವ ಪ್ರತಿಕ್ರಿಯೆ ಬಹುಮಟ್ಟಿಗೆ ಅರ್ಥ ತಪ್ಪಿದಾಗಿನ ಪ್ರತಿಕ್ರಿಯೆಗಿಂತ ಭಿನ್ನವಾದುದೆಂದು ವರದಿ ಮಾಡಿದರು. ಕನ್ನಡದಲ್ಲಿ ಆರಂಭವಾದ ಮಾತು ತೆಲುಗಿನಲ್ಲಿ ಮುಗಿದರೆ ಚಿಂತಾಮಣಿಯ ಸಂತೆಯಲ್ಲಿ ಯಾರೂ ಬೆರಗಾಗುವುದಿಲ್ಲ.

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಈ ಎರಡರ ಜೊತೆಗೆ ದಖನಿ ಉರ್ದುವೂ ಕೂಡಿಕೊಳ್ಳುವುದು. ಯಂತ್ರದ ಹರಾಜು ಬರುವುದಕ್ಕೆ ಮುಂಚೆ, ಕೂಗಿ ಬೆಲೆಯೇರಿಸುತ್ತಿದ್ದ ದಿನಗಳಲ್ಲಿ, ಒಂದು ಲಾಟಿನ ಸುತ್ತ ನೆರೆದ ನೂಲು ಬಿಚ್ಚಾಣಿಕೆಯವರ ಗದ್ದಲದಲ್ಲಿ ಯಾವ ಅಂಕಿಯೂ ಪೂರ್ಣವಾಗಿ ಕೇಳುತ್ತಿದ್ದಿಲ್ಲ. ಆದರೂ ಬೆಲೆ ತಪ್ಪಾಗಿ ಕೇಳಿಸುವುದು ಅಪರೂಪ. ಏಕೆಂದರೆ ಮುಂದಿನ ಕೂಗು ಹಿಂದಿನದಕ್ಕಿಂತ ಸ್ವಲ್ಪವೇ ಮೇಲಿರುವುದೆಂಬುದು ಎಲ್ಲರಿಗೂ ತಿಳಿದುದರಿಂದ, ಅರ್ಧ ಕೇಳಿದ ಅಂಕಿಯ ಉಳಿದರ್ಧವನ್ನು ಕಿವಿಯೇ ತುಂಬಿಕೊಳ್ಳುತ್ತಿತ್ತು. ರಿಚರ್ಡ್ ವಾರನ್ 1970ರಲ್ಲಿ ಒಂದು ಪದದ ನಡುವಣ ಧ್ವನಿಯೊಂದನ್ನು ಕತ್ತರಿಸಿ ತೆಗೆದು, ಆ ಸ್ಥಳದಲ್ಲಿ ಕೆಮ್ಮಿನ ಸದ್ದನ್ನಿಟ್ಟು ಕೇಳಿಸಿದಾಗ, ಕೇಳಿದವರು ಇಲ್ಲದ ಧ್ವನಿಯನ್ನು ಕೇಳಿದೆವೆಂದೇ ಹೇಳಿದ್ದರು.

ಈ ಊಹೆ ಎಷ್ಟು ಖಚಿತವಾದುದೆಂಬ ವಿಷಯದಲ್ಲಿ ವಿಜ್ಞಾನಿಗಳಲ್ಲಿ ಏಕಾಭಿಪ್ರಾಯವಿಲ್ಲ. ಬರಲಿರುವ ನಾಮಪದದ ಆದ್ಯಕ್ಷರವನ್ನು ಸಹ ಓದುಗನು ಮೊದಲೇ ಬಗೆದಿರುತ್ತಾನೆಂದು 2005ರಲ್ಲಿ ತೋರಿಬಂದುದನ್ನು 2018ರಲ್ಲಿ ಒಂಬತ್ತು ಪ್ರಯೋಗಾಲಯಗಳು ಕೂಡಿ ಮರುಪರೀಕ್ಷಿಸಿದಾಗ, ಅರ್ಥದ ನಿರೀಕ್ಷೆ ಸ್ಥಿರವಾಗಿ ನಿಂತಿತು, ಅಕ್ಷರದ ನಿರೀಕ್ಷೆ ನಿಲ್ಲಲಿಲ್ಲ. ಇನ್ನೊಂದು ಪ್ರಯೋಗ ನಮಗೆ ಹೆಚ್ಚು ಹತ್ತಿರದ್ದು. 2012ರಲ್ಲಿ ರಮೇಶ್ ಮಿಶ್ರ, ಫಾಲ್ಕ್ ಹ್ಯೂಟಿಗ್ ಮೊದಲಾದವರು ಅಲಹಾಬಾದಿನಲ್ಲಿ ಹಿಂದಿ ಮಾತಿನವರನ್ನು ಪರೀಕ್ಷಿಸಿದರು. ಎತ್ತರವಾದ ಎಂಬ ವಿಶೇಷಣ ಪುಲ್ಲಿಂಗದಲ್ಲಿ ಕೇಳಿಬಂದೊಡನೆ ವಿದ್ಯಾವಂತರ ಕಣ್ಣು ಬಾಗಿಲಿನ ಚಿತ್ರದತ್ತ ಸರಿಯಿತು. ಓದುಬರಹ ಅತ್ಯಲ್ಪವಾಗಿದ್ದವರು ಬಾಗಿಲೆಂಬ ಪದವನ್ನೇ ಕೇಳಿದ ಮೇಲೆ ಅತ್ತ ನೋಡಿದರು. ಓದಿನ ಅಭ್ಯಾಸ ಊಹೆಯನ್ನು ಹರಿತಗೊಳಿಸುವುದೆಂಬ ಈ ಫಲಿತಾಂಶವನ್ನು ನಾನು ಗೌರವದಿಂದ ಒಪ್ಪುತ್ತೇನೆ. ಹಳ್ಳಿಯ ಶಾಲೆಗಳ ಪರವಾಗಿ ಇದಕ್ಕಿಂತ ಬಲವಾದ ವಾದ ಬೇಕಿಲ್ಲ. ಆದರೆ ಪ್ರಯೋಗಶಾಲೆಯ ವಾಕ್ಯ ಒಂಟಿಯಾದುದು, ಹಿಂದಿಲ್ಲ, ಮುಂದಿಲ್ಲ. ಕೇಳಿಕೆಗೆ ಬಂದು ಕುಳಿತ ನಿರಕ್ಷರಸ್ಥನು ಇಡಿಯ ಭಾರತವನ್ನು ಎದೆಯಲ್ಲಿಟ್ಟುಕೊಂಡು ಬಂದಿರುತ್ತಾನೆ. ಅವನಿಗೆ ಮಕುಟವಿದೆ, ತಾಳವಿದೆ, ಪಕ್ಕದಲ್ಲಿ ಹಾಡುವ ಕೊರಲುಗಳಿವೆ. ನಮ್ಮ ಪೂರ್ವಿಕರು ಓದುಬಾರದವರ ಕಿವಿಗೆ ಇಷ್ಟೆಲ್ಲ ಆಸರೆಗಳನ್ನು ಕಟ್ಟಿಕೊಟ್ಟುದು ಆಕಸ್ಮಿಕವೆಂದು ನಾನು ನಂಬಲಾರೆ.

ಓದು ಬಲ್ಲವರ ಊಹೆಗೆ ಅತಿ ಕಠಿನವಾದ ಪರೀಕ್ಷೆ ಈ ಸೀಮೆಯಲ್ಲಿ ನಡೆದುದು ಕಲ್ಲಿನ ಮುಂದೆ. ಬಿ. ಎಲ್. ರೈಸರ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟ, ಅಂದಿನ ಕೋಲಾರ ಜಿಲ್ಲೆಯ ಶಾಸನಗಳನ್ನು ಒಳಗೊಂಡುದು, 1905ರಲ್ಲಿ ಹೊರಬಂದಿತು. 9ನೆಯ ಶತಮಾನದ ಆದಿಯಲ್ಲಿ ಬಾಣರ ರಾಣಿ ರತ್ನಾವಳಿ ನಂದಿಯಲ್ಲಿ ಶಿವಾಲಯವನ್ನು ಕಟ್ಟಿಸಿದಳೆಂದು ತಿಳಿಸುವ ಚಿಕ್ಕಬಳ್ಳಾಪುರದ ತಾಮ್ರಪಟಗಳು ಚೆನ್ನಾಗಿ ಉಳಿದುಬಂದವು. ಆದರೆ ಹೊಲದ ಬದುವಿನ ವೀರಗಲ್ಲುಗಳಿಗೂ, ಕೆರೆಯ ತೂಬಿನ ಬಳಿಯ ದಾನಶಾಸನಗಳಿಗೂ ಆ ಭಾಗ್ಯವಿಲ್ಲ. ಒದ್ದೆಯ ಕಾಗದವನ್ನು ಕಲ್ಲಿಗೆ ಬಡಿದು, ಮಸಿ ಹಚ್ಚಿ ಪಡಿಯಚ್ಚು ತೆಗೆದರೆ, ಸಾಲಿನ ನಡುವೆ ನಾಲ್ಕಾರು ಅಕ್ಷರಗಳು ಸವೆದುಹೋಗಿ ಬಯಲಾಗಿರುವುವು. ಅಲ್ಲಿ ಪಂಡಿತನ ನೆರವಿಗೆ ಬರುವುದು ಶಾಸನಗಳ ರೂಢಿಯ ಶೈಲಿ. ತುರುಗಳನ್ನು ಮರಳಿಸಿ ಎಂದು ಉಳಿದಿದ್ದರೆ ಮುಂದಿನದು ಸತ್ತನೆಂಬ ಕ್ರಿಯೆಯಾಗಿರುವ ಸಂಭವವೇ ಹೆಚ್ಚು. ಈ ಧರ್ಮವನ್ನು ಅಳಿದವನು ಎಂದಿದ್ದರೆ ವಾರಣಾಸಿಯೂ ಸಾವಿರ ಕವಿಲೆಯೂ ಹಿಂದೆಯೇ ಬರುತ್ತವೆ. ಶಾಸನವನ್ನು ಬರೆದವನಿಗೂ ಇದು ತಿಳಿದಿದ್ದುದರಿಂದಲೇ, ಕೊಟ್ಟ ಭೂಮಿಯನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಕ್ರಿಮಿಯಾಗುವನೆಂಬ ಶಾಪಶ್ಲೋಕಕ್ಕೆ ಕೆಲವೆಡೆ ಕಲ್ಲಿನಲ್ಲಿ ಸ್ಥಳ ಸಾಲದೆ ಹೋದಾಗ, ಮೊದಲೆರಡು ಪದಗಳನ್ನು ಮಾತ್ರ ಕೆತ್ತಿಸಿ ಉಳಿದುದನ್ನು ಓದುವವನಿಗೆ ಬಿ‌ಟ್ಟಿರುವುದುಂಟು.

ಅಪಾಯವಿರುವುದೂ ಇಲ್ಲಿಯೇ. ನಿರೀಕ್ಷೆ ಬಲವಾದಾಗ ಕಣ್ಣು ಇಲ್ಲದ ಅಕ್ಷರವನ್ನು ಕಾಣುತ್ತದೆ. ಅಪರೂಪದ ಊರಹೆಸರು ಪರಿಚಿತವಾದ ಊರಾಗಿ, ಕೇಳರಿಯದ ವೀರನು ಪ್ರಖ್ಯಾತನಾದ ಅರಸನಾಗಿ ಓದಿನಲ್ಲಿ ಮಾರ್ಪಡುವನು. ಆದುದರಿಂದ ಊಹಿಸಿ ತುಂಬಿದ ಅಕ್ಷರಗಳನ್ನು ಕಂಸದಲ್ಲಿಟ್ಟು, ಕಂಡುದು ಇಷ್ಟು, ಬಗೆದುದು ಇಷ್ಟು ಎಂದು ಬೇರ್ಪಡಿಸುವ ಕಟ್ಟುನಿಟ್ಟಾದ ಪದ್ಧತಿ ಶಾಸನಶಾಸ್ತ್ರದಲ್ಲಿ ನೆಲೆಗೊಂಡಿತು. ದಿನನಿತ್ಯದ ಮಾತಿನಲ್ಲಿ ಮಿದುಳು ಇಂತಹ ಯಾವ ಕಂಸವನ್ನೂ ಹಾಕಿಕೊಡುವುದಿಲ್ಲ. ಕೇಳಿದುದೂ ಬಗೆದುದೂ ಒಂದೇ ದನಿಯಾಗಿ ನಮ್ಮ ಅರಿವಿಗೆ ಬರುತ್ತವೆ. ರೈಸ್ ಮತ್ತು ಅವರ ಸಹಾಯಕರಾಗಿದ್ದ ಪಂಡಿತರು ಹಾಕಿದ ಕಂಸಗಳಲ್ಲಿ ಎಷ್ಟೋ ಸರಿಯಾದುವು, ಕೆಲವು ತಪ್ಪಾದುವು. ಇಳಿಬಿಸಿಲಿನ ಓರೆಬೆಳಕಿನಲ್ಲಿ ಅದೇ ಕಲ್ಲನ್ನು ಮತ್ತೆ ನೋಡಿದವರು ಅವುಗಳನ್ನು ತಿದ್ದುತ್ತ ಬಂದರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು 1972ರಿಂದ ಆ ಸಂಪುಟಗಳ ಪರಿಷ್ಕೃತ ಆವೃತ್ತಿಗಳನ್ನು ಹೊರತರತೊಡಗಿದಾಗ, ಹಳೆಯ ಪಾಠವನ್ನು ಹಾಗೆಯೇ ನಂಬದೆ, ಸಾಧ್ಯವಾದೆಡೆಗಳಲ್ಲಿ ಕಲ್ಲಿನ ಬಳಿಗೇ ಹೋಗಿ ಮರಳಿ ಓದುವ ಕೆಲಸವನ್ನು ಕೈಗೊಂಡಿತು.